ತಲಪಾಡಿ ಗಡಿ ಮುಚ್ಚಿದಾಗ ನಾನು ಕಲಿತ ಪ್ರಶ್ನೆ

ಆರೋಗ್ಯಕ್ಕೆ ಸಂಬಂಧಿಸಿದ ಸರ್ಕಾರಿ ನೀತಿಗಳು ಜನರಿಗೆ ಹೇಗೆ ಮುಟ್ಟುತ್ತವೆ ಅಂತ ನೋಡುವುದು ನನ್ನ ಕೆಲಸ. 2020ರ ಮಾರ್ಚ್‌ನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಮನೆಗೆ ಬಂದವಳು ಲಾಕ್‌ಡೌನ್ ಆಗಿ ಅಲ್ಲೇ ಉಳಿದೆ. ಸುಮ್ನೆ ಕೂರಲು ಆಗಲಿಲ್ಲ. ಆಶಾ ಕಾರ್ಯಕರ್ತೆ ಮತ್ತು ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಅಕ್ಕಂದಿರ ಜೊತೆ ಸೇರಿ ನಮ್ಮ ವಾರ್ಡಿನ ಮನೆಗಳಿಗೆ ಫೋನ್ ಮಾಡತೊಡಗಿದೆ.

ಮೊದಲ ಎರಡು ದಿನ ವ್ಯರ್ಥವಾಯಿತು. ಮಾಸ್ಕ್ ಹಾಕುತ್ತೀರಾ, ಕೈ ತೊಳೆಯುತ್ತೀರಾ ಎಂದು ಕೇಳಿದೆ. ಎಲ್ಲರೂ ಹೌದು ಅಂದರು. ಬೇರೆ ಏನು ಹೇಳುತ್ತಾರೆ, ಅಲ್ವಾ? ಮೂರನೇ ದಿನ ಆಶಾ ಅಕ್ಕ ಹೇಳಿದರು: "ಅದು ಬಿಡು ಮಗಾ, ಮನೆಯಲ್ಲಿ ಮದ್ದು ಉಂಟಾ ಕೇಳು."

ಕೇಳಿದೆ. ಆಮೇಲೆ ಜನ ಫೋನ್ ಇಡಲೇ ಇಲ್ಲ. ಒಬ್ಬರಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಇನ್ನೊಬ್ಬರ ಹೆಂಡತಿಗೆ ಕೀಮೋ ಅರ್ಧಕ್ಕೆ ನಿಂತಿತ್ತು. ಬಿಪಿ ಮಾತ್ರೆ ಬರೆದ ಡಾಕ್ಟರೂ ಮಂಗಳೂರಿನವರೇ. ನಮಗೆ ಮಂಗಳೂರು ಸುಮಾರು 20 ಕಿಲೋಮೀಟರ್. ಕೇರಳದೊಳಗೇ ಹೋಗುವುದಾದರೆ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ನೂರರ ಹತ್ತಿರ. ಮಂಗಳೂರಿಗೆ ಹೋಗುವ ದಾರಿಯ ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಸೋಂಕು ತಡೆಯುವ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಡಯಾಲಿಸಿಸ್ ಕಾಯುವುದಿಲ್ಲ.

ಕೇಸು ಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸುವಂತೆ ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಕ್ರಮ ಒಪ್ಪಿಗೆಯಾಗಿದೆ ಎಂದು ಕೇಂದ್ರ ಸುಪ್ರೀಂ ಕೋರ್ಟಿಗೆ ತಿಳಿಸಿತು. ನನ್ನ ನಿಜವಾದ ಕೆಲಸ ಶುರುವಾದದ್ದು ಆಗ. ದಾರಿ ತೆರೆಯಿತು ಅಂತ ಟಿವಿ ಹೇಳಿದರೂ, ಯಾವ ಕಾಗದ ಬೇಕು, ಯಾರ ಸಹಿ ಬೇಕು ಅಂತ ಮನೆಯವರಿಗೆ ಗೊತ್ತಿರಲಿಲ್ಲ. ನಮಗೆ ವಾಟ್ಸಾಪಿನಲ್ಲಿ ಬಂದ ಸೂಚನೆಗಳು ಮಲಯಾಳದಲ್ಲಿದ್ದವು. ನಮ್ಮ ಕಡೆಯ ಎಷ್ಟೋ ಹಿರಿಯರು ಓದುವುದು ಕನ್ನಡ ಮಾತ್ರ. ವಿಚಾರಿಸಿ, ಕನ್ನಡದಲ್ಲಿ ಒಂದು ಪುಟ ಬರೆದೆ. ಸಣ್ಣ ಅಕ್ಷರ ಕಾಣದವರಿಗೆ ಅದನ್ನೇ ಓದಿ ವಾಯ್ಸ್ ಮೆಸೇಜ್ ಕಳಿಸಿದೆ. ಬರೆದದ್ದಕ್ಕಿಂತ ಹೇಳಿದ್ದೇ ಜಾಸ್ತಿ ದೂರ ಹೋಯಿತು.

ಅದೇ ವಾರ ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ಸೆಪ್ಟೆಂಬರಿನಲ್ಲಿ ಟಾಟಾದವರು ಜಿಲ್ಲೆಯ ತೆಕ್ಕಿಲ್‌ನಲ್ಲಿ ಕಟ್ಟಿದ ಕೋವಿಡ್ ಆಸ್ಪತ್ರೆಯೂ ಬಂತು. ಎರಡೂ ಬೇಕಾಗಿದ್ದವು. ಆದರೆ ಫೋನ್ ಮಾಡುವಾಗ ನಾನು ಬರೆದಿಟ್ಟ ಪುಸ್ತಕದಲ್ಲಿದ್ದ ಹೆಚ್ಚಿನ ಹೆಸರುಗಳು ಕೋವಿಡ್ ಇಲ್ಲದವರದು. ಕೋವಿಡ್ ಹಾಸಿಗೆ ಎಷ್ಟಾಯಿತು ಅಂತ ದಿನವೂ ಲೆಕ್ಕ ಬರುತ್ತಿತ್ತು. ಕೀಮೋ ತಪ್ಪಿದವರ ಲೆಕ್ಕ ಯಾರೂ ಕೇಳಲಿಲ್ಲ. ಈ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ.

2021ರಲ್ಲಿ ಗಡಿ ದಾಟಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಬೇಕೆಂದಾಗ ಅದೇ ಪುಸ್ತಕ ಮತ್ತೆ ತೆಗೆದೆ. ಆಗ ಕಾಲೇಜು ಮಕ್ಕಳ, ದಿನಗೂಲಿಯವರ ಹೆಸರು ಸೇರಿದವು.

ಈಗ ಯಾವ ಊರಿಗೆ ಅಧ್ಯಯನಕ್ಕೆ ಹೋದರೂ ಜಿಲ್ಲೆಯ ನಕ್ಷೆ ಆಮೇಲೆ ಬಿಡಿಸುತ್ತೇನೆ. ಮೊದಲು ಕೇಳುವುದು: ಮನೆಯಲ್ಲಿ ಹುಷಾರಿಲ್ಲದಿದ್ದರೆ ಯಾವ ಕಡೆಯ ಬಸ್ಸು ಹತ್ತುತ್ತೀರಿ?