ಸೋದರಮಾವನನ್ನು ಶಾರ್ಜಾದಿಂದ ಮಂಜೇಶ್ವರಕ್ಕೆ ಕರೆತಂದ ನನ್ನ ಅನುಭವ

ನನ್ನ ಸೋದರಮಾವ 1978ರಲ್ಲಿ ಶಾರ್ಜಾಕ್ಕೆ ಹೋದವರು. ಅಲ್ಲಿ ಹೊಲಿಗೆಯಂಗಡಿ ನಡೆಸಿ, ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುತ್ತ, ಮದುವೆಯಾಗದೆ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಕೋಣೆಯ ಸಂಗಾತಿಗಳ ಆಸರೆಯಲ್ಲಿ ಉಳಿದಿದ್ದರು. ಅಂಗಡಿಯಿಂದ ಕೋಣೆಗೆ ಬರುವ ದಾರಿ ಎರಡನೆಯ ಸಲ ತಪ್ಪಿತೆಂದು ಫೋನ್ ಬಂದಾಗ ಅವರನ್ನು ಕರೆತರುವ ಹೊಣೆ ನನ್ನ ಪಾಲಿಗೆ ಬಂತು. ನಾನು ಕೇರಳದ ಗಡಿಯ ಮಂಜೇಶ್ವರ ತಾಲೂಕಿನಲ್ಲಿ ಪಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ತೊಂದರೆ ತಗ್ಗಿಸುವ ಆರೈಕೆಯವಳು. ಮರೆವಿನ ಕಾಯಿಲೆಯವರನ್ನು ಮನೆಮನೆಗೆ ಹೋಗಿ ನೋಡಿಕೊಂಡವಳಾದರೂ ಅಂಥವರೊಬ್ಬರನ್ನು ವಿಮಾನದಲ್ಲಿ ಕರೆತಂದವಳಲ್ಲ.

ಅಲ್ಲಿಯೇ ವಿಮಾನ ಹತ್ತಿಸಿದರೆ ಸಾಕು, ವೀಲ್‌ಚೇರಿನವರು ನೋಡಿಕೊಳ್ಳುತ್ತಾರೆ, ನಾವು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಸಿಕೊಳ್ಳೋಣ ಎಂದು ಮನೆಯವರು ಹೇಳಿದರು. ನಾನು ಒಪ್ಪಲಿಲ್ಲ. ವೀಲ್‌ಚೇರಿನವರ ಕೆಲಸ ಕುರ್ಚಿ ತಳ್ಳುವುದು. ಕಾಯುವ ಜಾಗದಲ್ಲಿ ಅವರು ಬಿಟ್ಟುಹೋದ ಅರ್ಧ ಗಂಟೆಯಲ್ಲಿ ಎದ್ದು ಹೊರಟ ವೃದ್ಧರನ್ನು ಹುಡುಕುವವರು ಯಾರು? ಅದಕ್ಕಿಂತ ದೊಡ್ಡ ಮಾತು ಭಾಷೆಯದು. ಈ ಕಾಯಿಲೆಯಲ್ಲಿ ಬಹಳ ಸಲ ಮೊದಲು ಹೋಗುವುದು ಕೊನೆಗೆ ಕಲಿತ ಭಾಷೆ. ನಲವತ್ತೈದು ವರ್ಷ ಹಿಂದಿ, ಅರಬಿ, ಮಲಯಾಳ ಎಲ್ಲವನ್ನೂ ಗಿರಾಕಿಗಳೊಡನೆ ಸಲೀಸಾಗಿ ಆಡಿದ ಮಾವನಲ್ಲಿ ಆಗ ಉಳಿದದ್ದು ಮನೆಯ ತುಳು ಮತ್ತು ಶಾಲೆಯ ಕನ್ನಡ ಮಾತ್ರ. ಅಲ್ಲಿನ ವೈದ್ಯರು ನೆನಪಿನ ಪರೀಕ್ಷೆಯನ್ನು ಹಿಂದಿಯಲ್ಲಿ ನಡೆಸಿ, ರೋಗ ತುಂಬ ಮುಂದುವರಿದಿದೆ ಎಂದು ಬರೆದಿದ್ದರು. ಅದೇ ಪ್ರಶ್ನೆಗಳನ್ನು ನಾನು ತುಳುವಿನಲ್ಲಿ ಕೇಳಿದಾಗ ಅರ್ಧಕ್ಕಿಂತ ಹೆಚ್ಚಿನವಕ್ಕೆ ಸರಿಯಾದ ಉತ್ತರ ಬಂತು. ಜೊತೆಗೆ ಬರುವವರು ರೋಗಿಯ ಮನೆಮಾತು ಬಲ್ಲವರೇ ಆಗಿರಬೇಕೆಂದು ನಾನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ.

ವಿಸಿಟ್ ವೀಸಾದಲ್ಲಿ ಹತ್ತು ದಿನ ಮೊದಲೇ ಹೋದೆ. ಮಾವ ಯಾವಾಗ ಏಳುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಮೂತ್ರಕ್ಕೆ ಹೋಗುತ್ತಾರೆ, ಯಾವ ಹೊತ್ತಿನಲ್ಲಿ ಸಿಟ್ಟು ಬರುತ್ತದೆ ಎಂಬುದನ್ನು ಬರೆದಿಟ್ಟುಕೊಂಡೆ. ಸಂಜೆ ಐದರ ಬಳಿಕ ಅವರು ಬೇರೆಯೇ ಮನುಷ್ಯ: ಬಾಗಿಲ ಬಳಿ ನಿಂತು "ಇಲ್ಲಡೆ ಪೋವೊಡು" (ಮನೆಗೆ ಹೋಗಬೇಕು) ಎಂದು ತುಳುವಿನಲ್ಲಿ ಒಂದೇ ಸಮನೆ ಹೇಳುವರು. ಆದ್ದರಿಂದ ಹಣ ಹೆಚ್ಚಾದರೂ ಹಗಲಿನ, ಎಲ್ಲಿಯೂ ಬದಲಿಸಬೇಕಿಲ್ಲದ, ನೇರ ಮಂಗಳೂರಿಗೆ ಬರುವ ವಿಮಾನವನ್ನೇ ಆರಿಸಿದೆ. ಕಾದಿರಿಸುವಾಗಲೇ ವೀಲ್‌ಚೇರ್ ಕೇಳಿ, ರೋಗದ ಹೆಸರನ್ನು ಮುಚ್ಚಿಡದೆ ತಿಳಿಸಿ, ವಿಮಾನ ಕಂಪೆನಿಯ ವೈದ್ಯಕೀಯ ನಮೂನೆಯನ್ನು ವೈದ್ಯರಿಂದ ತುಂಬಿಸಿದೆ.

ದಾರಿಯಲ್ಲಿ ಮಲಗಿಸಲು ನಿದ್ದೆಮಾತ್ರೆ ಕೊಡಿ ಎಂಬ ಸಲಹೆ ಹಲವರಿಂದ ಬಂತು. ಇಂಥ ವೃದ್ಧರಿಗೆ ಹೊಸ ನಿದ್ದೆಮಾತ್ರೆಯಾಗಲಿ, ಅಲರ್ಜಿಗೆ ಕೊಡುವ ಹಳೆಯ ತರಹದ ಮಂಪರು ಮಾತ್ರೆಯಾಗಲಿ ಗೊಂದಲವನ್ನು ಹೆಚ್ಚಿಸಬಹುದು; ಎದ್ದು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಅಲ್ಲಿನ ವೈದ್ಯರೂ ಬೇಡವೆಂದರು. ಅದರ ಬದಲು ನಾನು ಮೂತ್ರ ಪರೀಕ್ಷೆ ಮಾಡಿಸಿದೆ. ಸೋಂಕು ಇತ್ತು. ಐದು ದಿನದ ಔಷಧಿಯ ಬಳಿಕ ರಾತ್ರಿಯ ಕೂಗಾಟ ಅರ್ಧಕ್ಕರ್ಧ ಇಳಿಯಿತು. ಹಠಾತ್ತಾಗಿ ಹೆಚ್ಚಿದ ಗೊಂದಲವನ್ನು ಮರೆವಿನ ಲೆಕ್ಕಕ್ಕೇ ಸೇರಿಸಿ ಸುಮ್ಮನಾಗದೆ, ಸೋಂಕು, ನೀರಿನ ಕೊರತೆ, ಮಲಬದ್ಧತೆ ಈ ಮೂರನ್ನೂ ಪ್ರಯಾಣಕ್ಕೆ ಮೊದಲು ನೋಡಲೇಬೇಕು.

ಕಾಗದಪತ್ರದ ಕೆಲಸ ಅಂಗಡಿಯ ಪಾಲುದಾರರ ಸಹಾಯದಿಂದ ಮುಗಿಯಿತು. ಆಗದೆ ಉಳಿದದ್ದು ಊರಿನ ಬ್ಯಾಂಕ್ ಖಾತೆ. ಮುಖ್ತ್ಯಾರ್‌ನಾಮೆ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆಸೋಣವೆಂದರೆ, 1872ರ ಭಾರತೀಯ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅಧಿಕಾರವೇ ಮುಗಿಯುತ್ತದೆ. ನೆನಪು ಗಟ್ಟಿಯಿದ್ದಾಗಲೇ ಬ್ಯಾಂಕಿನಲ್ಲಿ ವಿಚಾರಿಸಿ ಖಾತೆಗೆ ಏರ್ಪಾಡು ಮಾಡಿಟ್ಟಿದ್ದರೆ ಈ ಸಂಕಟ ಕಡಿಮೆಯಾಗುತ್ತಿತ್ತೇನೋ.

ನನಗೆ ಎಲ್ಲಕ್ಕಿಂತ ಹೆದರಿಕೆಯಿದ್ದದ್ದು ಭದ್ರತಾ ತಪಾಸಣೆಯ ಬಗ್ಗೆ. ಮಾವನ ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ತೂಗುತ್ತಿತ್ತು. ತುದಿಗಳಲ್ಲಿ ಲೋಹದ ಪಟ್ಟಿ, ಮಧ್ಯೆ ಅಂಕಿಗಳು ಉಜ್ಜಿ ಮಾಸಿದ ಹಳದಿ. ಸ್ನಾನಕ್ಕೆ ಹೋಗುವಾಗಲೂ ತೆಗೆಯಲು ಬಿಡುತ್ತಿರಲಿಲ್ಲ. ಹಾಗಾಗಿ ಕೋಣೆಯಲ್ಲೇ ಅಭ್ಯಾಸ ಆರಂಭಿಸಿದೆ. ಒಂದು ಪ್ಲಾಸ್ಟಿಕ್ ತಟ್ಟೆ ಹಿಡಿದು, "ಮಾವಾ, ಟೇಪು ಇದರಲ್ಲಿಡಿ, ಮೂರು ಹೆಜ್ಜೆ ನಡೆಯಿರಿ, ಮತ್ತೆ ತಗೊಳ್ಳಿ" ಎಂದು ತುಳುವಿನಲ್ಲಿ ಹೇಳುತ್ತಿದ್ದೆ. ಮೊದಲ ದಿನ ಕೈ ತಟ್ಟಿ ತಟ್ಟೆಯನ್ನೇ ಬೀಳಿಸಿದರು. ಮೂರನೆಯ ದಿನ ಇಟ್ಟರು, ಆದರೆ ಬೆರಳು ಬಿಡಲಿಲ್ಲ. ಆರನೆಯ ದಿನ ತಾವೇ ಟೇಪನ್ನು ನಾಲ್ಕು ಬೆರಳಿಗೆ ಸುತ್ತಿ, ಉರುಟಾಗಿ ಮಡಚಿ, ತಟ್ಟೆಯಲ್ಲಿಟ್ಟು ನನ್ನ ಮುಖ ನೋಡಿದರು. ವಿಮಾನ ನಿಲ್ದಾಣದಲ್ಲೂ ಹಾಗೆಯೇ ಮಾಡಿದರು. ಅಲ್ಲಿದ್ದ ಅಧಿಕಾರಿಗೆ ವೈದ್ಯರ ಪತ್ರ ತೋರಿಸಿ, ನಾನು ಮೊದಲು ದಾಟಿ ಆಚೆ ಬದಿಯಲ್ಲಿ ಅವರಿಗೆ ಕಾಣುವಂತೆ ನಿಲ್ಲಲು ಅನುಮತಿ ಕೇಳಿಕೊಂಡಿದ್ದೆ.

ವಿಮಾನದಲ್ಲಿ ಮಾವನಿಗೆ ಕಿಟಕಿಯ ಪಕ್ಕ, ನನಗೆ ಅವರ ಪಕ್ಕ, ಶೌಚಾಲಯಕ್ಕೆ ಹತ್ತಿರದ ಸಾಲು. ಹತ್ತುವ ಮೊದಲು ಡಯಾಪರ್ ಹಾಕಿದ್ದೆ. ಬದಲಿ ಬಟ್ಟೆಯೂ ಎಲ್ಲ ಮಾತ್ರೆಗಳೂ ಕೈಚೀಲದಲ್ಲಿದ್ದವು. ಪಾಸ್‌ಪೋರ್ಟ್ ನನ್ನಲ್ಲಿ, ಅವರ ಅಂಗಿಯ ಕಿಸೆಯಲ್ಲಿ ಹೆಸರು ಮತ್ತು ನನ್ನ ಫೋನ್ ಸಂಖ್ಯೆ ಬರೆದ ಚೀಟಿ. ಕೈಗೆ ಅರ್ಧ ಮೀಟರಿನ ಹತ್ತಿಯ ಬಟ್ಟೆ ಕೊಟ್ಟೆ. ಮೂರೂವರೆ ಗಂಟೆ ಅವರು ಅದನ್ನು ಅಳೆದರು, ಮಡಚಿದರು, ಉಗುರಿನಿಂದ ಅಂಚು ಗೀರಿದರು, ಮತ್ತೆ ಬಿಡಿಸಿದರು.

ಮಂಗಳೂರಿನ ಇಮಿಗ್ರೇಷನ್ ಮೇಜಿನಲ್ಲಿ ಅಧಿಕಾರಿ ಕನ್ನಡದಲ್ಲಿ "ಯಾವ ಊರು ಅಜ್ಜ?" ಎಂದು ಕೇಳಿದರು. ಮಾವ ಬೆನ್ನು ನೇರ ಮಾಡಿ "ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ" ಎಂದರು. ಅಧಿಕಾರಿ ಪಾಸ್‌ಪೋರ್ಟಿನಲ್ಲಿದ್ದ ಕೇರಳದ ವಿಳಾಸ ನೋಡಿ ನನ್ನತ್ತ ತಿರುಗಿದರು. ಆ ಉತ್ತರ ತಪ್ಪಾಗಿರಲಿಲ್ಲ. ಮಾವ ವಿಳಾಸ ಬರೆಯಲು ಕಲಿತದ್ದು 1956ರ ನವೆಂಬರ್ ಒಂದಕ್ಕೆ ಮೊದಲು, ಮಂಜೇಶ್ವರವೂ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಗದೆ ಇನ್ನೂ ಆ ಜಿಲ್ಲೆಯಲ್ಲಿದ್ದಾಗ. ಅಧಿಕಾರಿ ಮತ್ತೇನೂ ಕೇಳದೆ ಮುದ್ರೆ ಒತ್ತಿದರು.

ರಾಜ್ಯದ ಗಡಿಯ ತಲಪಾಡಿ ದಾಟಿ ಮನೆ ಸೇರುವಾಗ ಇನ್ನೂ ಬೆಳಕಿತ್ತು. ಬರುವ ಮೊದಲೇ ನನ್ನ ತಮ್ಮ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ತೋಟದ ಕೆರೆಯ ಬದಿಗೆ ಬೇಲಿ ಕಟ್ಟಿಸಿ, ಬಚ್ಚಲಿನ ಚಿಲಕವನ್ನು ಹೊರಗಿನಿಂದಲೂ ತೆಗೆಯುವಂತೆ ಮಾಡಿಸಿದ್ದ. ನಮ್ಮ ಹಳ್ಳಿಮನೆಗಳಲ್ಲಿ ಈ ಮೂರೂ ಆಗದೆ ಇಂಥವರನ್ನು ಕರೆತರಲೇಬಾರದು. ಪಂಚಾಯತಿನ ಪಾಲಿಯೇಟಿವ್ ಘಟಕದಲ್ಲಿ ಅವರ ಹೆಸರು ನೋಂದಾಯಿಸಿದೆವು; ತಿಂಗಳಿಗೊಮ್ಮೆ ಮನೆಗೆ ಬರುವ ನನ್ನ ಸಹೋದ್ಯೋಗಿಗೆ ತುಳು ಬರುತ್ತದೆ.

ಹುಟ್ಟಿದ ಮನೆಗೆ ಬಂದರೂ ಸಂಜೆ ಐದಕ್ಕೆ ಮಾವ ಟೇಪನ್ನು ಕೊರಳಿಗೆ ಹಾಕಿಕೊಂಡು "ಇಲ್ಲಡೆ ಪೋವೊಡು" ಎನ್ನುತ್ತಾರೆ. ಇದೇ ಮನೆಯೆಂದು ವಾದಿಸುವುದನ್ನು ನಾವು ಬಿಟ್ಟಿದ್ದೇವೆ. "ಆಯ್ತು, ಹೋಗೋಣ" ಎಂದು ಅಡಿಕೆ ತೋಟದ ತುದಿಯವರೆಗೆ ಜೊತೆಯಲ್ಲಿ ನಡೆಯುತ್ತೇನೆ. ಅಲ್ಲಿಂದ ತಿರುಗಿ ಬರುವಾಗ ಅಂಗಳದ ದೀಪ ಕಾಣುತ್ತದೆ, ಮಾವ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ.