ಹಳೆ ಪೋಲರಾಯ್ಡ್ ಡಬ್ಬಿ: ಫಿಲ್ಮ್ ಹಾಕುವ ಮೊದಲು

ತೆಗೆದ ಕೂಡಲೇ ಫೋಟೋ ಹೊರಹಾಕುವ ಹಳೆ ಪೋಲರಾಯ್ಡ್ ಕ್ಯಾಮೆರಾ ಕೈಗೆ ಬಂದರೆ ನಾನು ಮೊದಲು ನೋಡುವುದು ಅದಕ್ಕೆ ಯಾವ ಫಿಲ್ಮ್ ಬೇಕು ಎನ್ನುವುದನ್ನು. 1977ರ ಒನ್‌ಸ್ಟೆಪ್ ಮಾದರಿಗೆ (ಯುರೋಪಿನಲ್ಲಿ ಇದರ ಹೆಸರು 1000) ಎಸ್‌ಎಕ್ಸ್-70 ಫಿಲ್ಮ್. 1981ರಿಂದ ಬಂದ ಸನ್ 600, 635ರಂಥವಕ್ಕೆ 600 ಫಿಲ್ಮ್. ಅದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ, ಎಸ್‌ಎಕ್ಸ್-70ರ ನಾಲ್ಕು ಪಟ್ಟು. ಕಾಮನಬಿಲ್ಲಿನ ಪಟ್ಟಿಯ ಒನ್‌ಸ್ಟೆಪ್ ಚೆಂದವೇ, ಆದರೆ ಅದರಲ್ಲಿ ಫ್ಲ್ಯಾಶ್ ಇಲ್ಲ, 4 ಅಡಿಗಿಂತ ಹತ್ತಿರ ಹೋದರೆ ಮುಖ ಮಸುಕು. ಮನೆಯೊಳಗೂ ತೆಗೆಯುವವರಿಗೆ ಫ್ಲ್ಯಾಶ್ ಜೊತೆಗೆ ಕ್ಲೋಸ್-ಅಪ್ ಲೆನ್ಸ್ ಇರುವ 600 ಮಾದರಿಯೇ ಲೇಸು.

ಬ್ಯಾಟರಿ ಇರುವುದು ಕ್ಯಾಮೆರಾದಲ್ಲಲ್ಲ, ಫಿಲ್ಮ್ ಪ್ಯಾಕಿನೊಳಗೆ. ಹಾಗಾಗಿ ಮುಗಿದ ಪ್ಯಾಕನ್ನು ಎಸೆಯುವುದಿಲ್ಲ. ಅದರಲ್ಲಿ ಇನ್ನೂ ಚಾರ್ಜ್ ಉಳಿದಿರುತ್ತದೆ. ಕೊಳ್ಳಲು ಹೊರಟ ಕ್ಯಾಮೆರಾಕ್ಕೆ ಅದನ್ನು ಹಾಕಿ ಬಾಗಿಲು ಮುಚ್ಚಿದಾಗ ಮೋಟಾರು ಗರ್ರೆಂದು ತಿರುಗಬೇಕು, ಬಟನ್ ಒತ್ತಿದರೆ ಮತ್ತೊಮ್ಮೆ. ಸದ್ದೇ ಇಲ್ಲದಿದ್ದರೆ ಮತ್ತೊಂದು ಪ್ಯಾಕ್ ಹಾಕಿ ನೋಡುತ್ತೇನೆ, ಆಗಲೂ ಇಲ್ಲವೆಂದರೆ ಆ ಕ್ಯಾಮೆರಾ ಕೊಳ್ಳುವುದಿಲ್ಲ.

ಹೆಚ್ಚು ಫೋಟೋ ಕೆಡುವುದು ರೋಲರ್‌ನಿಂದ. ಬಾಗಿಲು ತೆರೆದರೆ ಎರಡು ಉಕ್ಕಿನ ರೋಲರ್ ಕಾಣುತ್ತವೆ. ಫೋಟೋದ ಅಂಚಿನ ರಾಸಾಯನಿಕವನ್ನು ಹಿಂಡಿ ಹರಡುವುದು ಇವೇ. ಹಳೆಯ ಪೇಸ್ಟ್ ಒಣಗಿ ಕೂತಿದ್ದರೆ ಪ್ರತಿ ಫೋಟೋದಲ್ಲೂ ಒಂದೇ ಅಂತರಕ್ಕೆ ಕಲೆ ಬೀಳುತ್ತದೆ. ಒದ್ದೆ ಹತ್ತಿ ಬಟ್ಟೆಯಿಂದ ಒರೆಸುತ್ತಾ ಪಕ್ಕದ ಗೇರನ್ನು ಬೆರಳಲ್ಲಿ ತಿರುಗಿಸಿ, ಸುತ್ತಲೂ ಒರೆಸಬೇಕು. ಚಾಕು ತಾಗಿಸಬೇಡಿ, ಗೀರು ಬಿದ್ದರೆ ಅದೂ ಫೋಟೋದಲ್ಲಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಪ್ಯಾಕ್.

ಒನ್‌ಸ್ಟೆಪ್‌ಗೆ 600 ಫಿಲ್ಮ್ ಹಾಕುವುದಾದರೆ ಬೆಳಕು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು) ಹೆಚ್ಚಾಗುತ್ತದೆ. ಬೆಳಕು ಹೊಂದಿಸುವ ಚಕ್ರವನ್ನು ಡಾರ್ಕ್ ಕಡೆಗೆ ತಿರುಗಿಸಿದರಷ್ಟೇ ಸಾಲದು, ಪ್ಯಾಕ್ ಮೇಲೆ ಬೆಳಕು ತಗ್ಗಿಸುವ ಬೂದು ಹಾಳೆ, ಅಂದರೆ ಎನ್‌ಡಿ ಫಿಲ್ಟರ್ ಬೇಕು. ಪ್ಯಾಕಿನ ಅಡಿಯ ಪುಟ್ಟ ಉಬ್ಬುಗಳು ಒಳಗೆ ಅಡ್ಡಬರುತ್ತವೆ. ತೆಳು ಕಾರ್ಡನ್ನು ಅಡಿಗಿಟ್ಟು ಜಾರಿಸಿ, ಆಮೇಲೆ ಕಾರ್ಡ್ ಎಳೆದುಕೊಳ್ಳುವುದು ನನ್ನ ರೂಢಿ.

ಈಗಿನ ಪ್ಯಾಕಿನಲ್ಲಿ 8 ಫೋಟೋ. ಹಳೆಯ ಕೌಂಟರ್ ಮಾತ್ರ 10ರಿಂದ ಇಳಿಯುವುದರಿಂದ 2 ತೋರಿಸಿದಾಗಲೇ ಖಾಲಿ. ಹೊರಬಂದ ಫೋಟೋಗೆ ಬೆಳಕು ಬೀಳದಂತೆ ತಕ್ಷಣ ಕೈ ಅಡ್ಡ ಹಿಡಿದು, ಮಗುಚಿ ಜೇಬಿಗೆ. ಕಾಲು ಗಂಟೆ ಮುಟ್ಟಬೇಡಿ, ಅಲ್ಲಾಡಿಸಲೂ ಬೇಡಿ. 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬಣ್ಣ ಹಳದಿ-ಕೆಂಪಿಗೆ ತಿರುಗುತ್ತದೆ, 13ಕ್ಕಿಂತ ಕೆಳಗೆ ನೀಲಿ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತೆಗೆಯುವವರು ಫೋಟೋವನ್ನು ಕೂಡಲೇ ತಂಪು ಕೋಣೆಗೆ ಒಯ್ಯಿರಿ.