ಹೆಂಡತಿ ಊರಲ್ಲಿ ಜಮೀನು: ಥಾಯ್ಲೆಂಡಿಗೆ ಹೊಸದಾಗಿ ಬಂದ ಕನ್ನಡದವರಿಗೆ

ಥಾಯ್ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನೆಲೆಸಿದ ನಮ್ಮವರು ಸ್ವಲ್ಪ ದಿನಕ್ಕೇ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಅತ್ತೆ ಮನೆ ಪಕ್ಕದ ಗದ್ದೆ ಮಾರಾಟಕ್ಕಿದೆಯಂತೆ, ತಗೊಳ್ಳಲಾ?" ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಯಾರ ಹೆಸರಿಗೆ, ಯಾವ ಕಾಗದದ ಮೇಲೆ ಅನ್ನುವುದು ತಿಳಿಯುವ ಮುಂಚೆ ಒಂದು ಬಾತ್ ಕೂಡ ಮುಂಗಡ ಕೊಡಬೇಡಿ.

ಯಾರ ಹೆಸರಿಗೆ ಅನ್ನುವುದಕ್ಕೆ ಉತ್ತರ ಸುಲಭ. ನಿಮ್ಮ ಹೆಸರಿಗಂತೂ ಅಲ್ಲ. 1954ರ ಭೂ ಕಾಯ್ದೆಯಲ್ಲಿ ಒಪ್ಪಂದ ಇರುವ ದೇಶದವರಿಗೆ ಜಮೀನು ಕೊಳ್ಳಲು ಅವಕಾಶ ಅಂತ ಬರೆದಿದೆ. ಆ ಒಪ್ಪಂದಗಳೆಲ್ಲ 1970ಕ್ಕೇ ಮುಗಿದಿವೆ. 4 ಕೋಟಿ ಬಾತ್ ಹೂಡಿದರೆ ಮಂತ್ರಿಯ ಅನುಮತಿ ಪಡೆದು ಮನೆಗೆ ಅಂತ ಒಂದು ರೈ (ಸುಮಾರು 16 ಗುಂಟೆ) ಜಾಗ ಪಡೆಯಬಹುದು, ಅದೂ ಪಟ್ಟಣದ ಕಡೆ. ಹಳ್ಳಿ ಗದ್ದೆಗೂ ಅದಕ್ಕೂ ಸಂಬಂಧವಿಲ್ಲ. ಸ್ವಂತ ಹೆಸರೇ ಬೇಕು ಅನ್ನುವವರು ಕಾಂಡೋ ನೋಡಲಿ. ಒಂದು ಕಟ್ಟಡದ ವಿಸ್ತೀರ್ಣದಲ್ಲಿ ನೂರಕ್ಕೆ 49ರಷ್ಟು ವಿದೇಶಿಯರ ಕೈಲಿರಬಹುದು.

ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ. ನಮ್ಮ ಕಡೆಯ ಕಾನೂನು ಒಮ್ಮೆ ನೆನಪಿಸಿಕೊಳ್ಳಿ. ಹೊರದೇಶದಲ್ಲಿ ನೆಲೆಸಿದ ಭಾರತೀಯ, ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ, ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು, ಇಲ್ಲವೇ ಅಲ್ಲೇ ನೆಲೆಸಿದ್ದಾಗ ಕೊಂಡದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಅಂದರೆ ಬ್ಯಾಂಕಾಕಿನಲ್ಲಿ ಕೂತ ನೀವು ಈಗ ಮಂಡ್ಯದಲ್ಲೂ ಗದ್ದೆ ಕೊಳ್ಳುವಂತಿಲ್ಲ, ಖೊನ್‌ಕೇನಿನಲ್ಲೂ ಕೊಳ್ಳುವಂತಿಲ್ಲ!

ಹಾಗಾಗಿ ಜಮೀನು ಹೆಂಡತಿ ಹೆಸರಿಗೇ ಆಗಬೇಕು. ವಿದೇಶಿಯನ್ನು ಮದುವೆಯಾದ ಥಾಯ್ ಹೆಂಗಸಿಗೆ ಒಂದು ಕಾಲದಲ್ಲಿ ಅದಕ್ಕೂ ಅಡ್ಡಿ ಇತ್ತು, 1999ರಿಂದ ಬಿಟ್ಟುಕೊಟ್ಟಿದ್ದಾರೆ. ಒಂದು ಷರತ್ತು ಇದೆ. ಥೀದಿನ್ ಕಚೇರಿಯಲ್ಲಿ, ಅಂದರೆ ಭೂ ಕಚೇರಿಯಲ್ಲಿ, ಗಂಡ ಹೆಂಡತಿ ಇಬ್ಬರೂ ಒಂದು ಹೇಳಿಕೆಗೆ ಸಹಿ ಹಾಕಬೇಕು. ಕೊಳ್ಳುವ ದುಡ್ಡು ಪೂರ್ತಿ ಹೆಂಡತಿಯ ಸ್ವಂತದ್ದು, ದಂಪತಿಯ ಜಂಟಿ ಆಸ್ತಿಯಲ್ಲ ಅನ್ನುವುದು ಅದರ ಸಾರ. ಥಾಯ್ ಕಾನೂನಿನಲ್ಲಿ ಮದುವೆಯಾದ ಮೇಲೆ ಗಳಿಸಿದ್ದು ಸಾಮಾನ್ಯವಾಗಿ ಇಬ್ಬರಿಗೂ ಸೇರಿದ ಸಿನ್ ಸೊಮ್ರೊತ್. ಬೇರೆಯಾದರೆ ಅರ್ಧ ಅರ್ಧ. ಈ ಹೇಳಿಕೆ ಬಿದ್ದ ಕ್ಷಣ ಜಮೀನು ಆ ಲೆಕ್ಕದಿಂದ ಹೊರಗೆ. ಮುಂದೆ ನನ್ನ ಅರ್ಧ ಕೊಡಿ ಅಂತ ಕೇಳಲು ಹೋದರೆ ನಿಮ್ಮದೇ ಸಹಿ ನಿಮ್ಮ ಎದುರು ನಿಲ್ಲುತ್ತದೆ. ಇದು ಥಾಯ್ ಲಿಪಿಯಲ್ಲಿರುತ್ತದೆ, ಗುಮಾಸ್ತರು ಮುಂದಿಟ್ಟು ಬೆರಳು ತೋರಿಸುತ್ತಾರೆ, ಎಷ್ಟೋ ಜನ ಅದೂ ಒಂದು ಫಾರಂ ಅಂದುಕೊಂಡು ಸಹಿ ಹಾಕಿ ಬರುತ್ತಾರೆ. ಸಹಿ ಹಾಕುವುದು ತಪ್ಪಲ್ಲ, ಹಾಕದೆ ನೋಂದಣಿಯೇ ಆಗದು. ಏನು ಬಿಟ್ಟುಕೊಡುತ್ತಿದ್ದೀರಿ ಅಂತ ಗೊತ್ತಿದ್ದು ಹಾಕಿ ಅಷ್ಟೆ.

ಕಂಪನಿ ಮಾಡಿ, ಹೆಸರಿಗೆ ಮಾತ್ರ ಥಾಯ್ ಪಾಲುದಾರರನ್ನು ಇಟ್ಟು ಜಮೀನು ಕೊಡಿಸುತ್ತೇವೆ ಅನ್ನುವ ಏಜೆಂಟರು ಸಿಗುತ್ತಾರೆ. ಆ ಕಡೆ ತಲೆ ಹಾಕಬೇಡಿ. ವಿದೇಶಿಯ ಪರವಾಗಿ ಬೇನಾಮಿಯಾಗಿ ಜಮೀನು ಹಿಡಿದವರಿಗೆ ಎರಡು ವರ್ಷದ ತನಕ ಜೈಲು, 20,000 ಬಾತ್ ತನಕ ದಂಡ ಅಂತ ಕಾಯ್ದೆಯಲ್ಲೇ ಇದೆ.

ಇನ್ನು ಕಾಗದ. ನಮ್ಮ ಪಹಣಿ, ಹಕ್ಕುಪತ್ರ, ಬಗರ್ ಹುಕುಂ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲಕ್ಕಿಂತ ಗಟ್ಟಿ ಕಾಗದ ಚನೋಟ್, ಮೇಲೆ ಕೆಂಪು ಗರುಡನ ಮುದ್ರೆ. ಸರ್ವೆಯಾಗಿ ಮೂಲೆಗಳಲ್ಲಿ ನಂಬರಿನ ಕಲ್ಲು ನೆಟ್ಟಿರುತ್ತಾರೆ. ಹಸಿರು ಗರುಡದ ನೋ ಸೋ 3 ಕೋ ಕೂಡ ಪರವಾಗಿಲ್ಲ, ಮಾರಬಹುದು, ಅಡವಿಡಬಹುದು. ಕಪ್ಪು ಗರುಡದ ನೋ ಸೋ 3ರಲ್ಲಿ ಗಡಿ ಅಷ್ಟು ನಿಖರವಲ್ಲ. ಸೋ ಪೋ ಕೋ 4-01 ಅನ್ನುವುದು 1975ರ ಭೂ ಸುಧಾರಣೆ ಕಾಯ್ದೆಯಡಿ ಬಡ ರೈತರಿಗೆ ಸರ್ಕಾರ ಉಳುಮೆಗೆ ಕೊಟ್ಟದ್ದು. ಮಕ್ಕಳಿಗೆ ಹೋಗಬಹುದು, ಸಿಕ್ಕಿದವರಿಗೆ ಮಾರುವ ಹಾಗಿಲ್ಲ. ಕೊನೆಯದು ಪೋ ಬೋ ಥೋ 5. ಅದು ಬರೀ ಕಂದಾಯ ಕಟ್ಟಿದ ರಸೀದಿ. "ಊರಲ್ಲಿ ಎಲ್ಲರೂ ಹೀಗೇ ಕೈ ಬದಲಾಯಿಸುತ್ತಾರೆ, ಫೂಯಾಯ್‌ಬಾನ್ ಸಾಕ್ಷಿ ಹಾಕುತ್ತಾರೆ" ಅಂತ ಹೇಳುವುದು ಸಾಮಾನ್ಯವಾಗಿ ಈ ಕೊನೆಯ ಎರಡರ ವಿಷಯದಲ್ಲಿ. ಊರಿನ ಮುಖಂಡ ಎಷ್ಟೇ ಒಳ್ಳೆಯವನಾಗಿರಲಿ, ಅವನ ಸಾಕ್ಷಿಯಿಂದ ಮಾರಬಾರದ ಜಮೀನು ಮಾರುವಂಥದ್ದಾಗುವುದಿಲ್ಲ.

ಅಳತೆ ಗೊತ್ತಿರಲಿ. ಒಂದು ರೈ ಅಂದರೆ 1600 ಚದರ ಮೀಟರ್. ನಮ್ಮ ಲೆಕ್ಕಕ್ಕೆ ಹತ್ತಿರ ಹತ್ತಿರ 16 ಗುಂಟೆ, ಎಕರೆಗೆ ಎರಡೂವರೆ ರೈ. ಒಂದು ರೈಗೆ 400 ಚದರ ವಾ. ದರ ಹೇಳುವಾಗ ರೈಗೋ ವಾಗೋ ಕೇಳಿಕೊಳ್ಳಿ.

ಚನೋಟ್ ಎರಡು ಪ್ರತಿ ಇರುತ್ತದೆ. ಒಂದು ಮಾಲೀಕರ ಕೈಲಿ, ಇನ್ನೊಂದು ಭೂ ಕಚೇರಿಯಲ್ಲಿ. ಹಿಂಬದಿಯಲ್ಲಿ ಕೊಟ್ಟದ್ದು, ತಗೊಂಡದ್ದು, ಅಡವಿಟ್ಟದ್ದು ಎಲ್ಲ ದಾಖಲಾಗುತ್ತದೆ. ಮಾಲೀಕರ ಪ್ರತಿ ನೋಡಿ ಖುಷಿಯಾಗಬೇಡಿ, ಕಚೇರಿಗೆ ಹೋಗಿ ಅಲ್ಲಿನದನ್ನು ನೋಡಿಸಿ. ಈಸಾನ್ ಕಡೆ, ಅಂದರೆ ಈಶಾನ್ಯ ಥಾಯ್ಲೆಂಡಿನಲ್ಲಿ, ರೈತರ ಚನೋಟ್ ಮನೆಯಲ್ಲಿ ಇರುವುದಕ್ಕಿಂತ ಸರ್ಕಾರಿ ಕೃಷಿ ಬ್ಯಾಂಕಿನಲ್ಲಿ ಸಾಲಕ್ಕೆ ಕೂತಿರುವುದೇ ಜಾಸ್ತಿ. ಅದು ದೊಡ್ಡ ತೊಂದರೆಯಲ್ಲ, ಸಾಲ ತೀರಿಸಿದರೆ ಬಿಡಿಸಿಕೊಳ್ಳಬಹುದು. ಹೆದರಬೇಕಾದದ್ದು ಖಾಯ್‌ಫಾಕ್‌ಗೆ. ನೋಡಲು ಅಡವಿನ ಹಾಗೇ ಇರುತ್ತದೆ. ಆದರೆ ಸಹಿ ಹಾಕಿದ ದಿನವೇ ಜಮೀನು ಸಾಲ ಕೊಟ್ಟವನ ಹೆಸರಿಗೆ ಹೋಗಿರುತ್ತದೆ. ಗಡುವಿನೊಳಗೆ ದುಡ್ಡು ಕಟ್ಟಿ ವಾಪಸ್ ಪಡೆಯಬೇಕು, ತಪ್ಪಿದರೆ ಹೋಯಿತು. ಜನ ಕಳೆದುಕೊಂಡದ್ದು ನೋಡಿ ನೋಡಿ, ಹೊಲ ಮತ್ತು ವಾಸದ ಮನೆಗಳಿಗೆ ರಕ್ಷಣೆ ಕೊಡಲು 2019ರಲ್ಲಿ ಪ್ರತ್ಯೇಕ ಕಾಯ್ದೆ ತಂದರು. "ಅಮ್ಮನ ಜಮೀನು ಬಿಡಿಸಬೇಕು, ಸ್ವಲ್ಪ ದುಡ್ಡು ಬೇಕು" ಅಂತ ಹೆಂಡತಿ ಕೇಳಿದರೆ, ಅಡವಾ, ಖಾಯ್‌ಫಾಕಾ, ಗಡುವು ಯಾವತ್ತು ಅಂತ ಮೊದಲು ಕೇಳಿ. ದುಡ್ಡನ್ನು ಕೈಗೆ ಕೊಡದೆ, ನೀವೇ ಜೊತೆಗೆ ಹೋಗಿ ಕಟ್ಟಿ ರಸೀದಿ ತಗೊಳ್ಳಿ. ಇದರಲ್ಲಿ ಅನುಮಾನದ ಮಾತೇನಿಲ್ಲ. ಅಂಥ ಓಡಾಟ ಮಾಡುವ ಅಳಿಯನನ್ನು ಊರಿನವರು ಮೆಚ್ಚುತ್ತಾರೆ.

ಅತ್ತೆ ಮಾವನ ವಿಷಯದಲ್ಲಿ ನಮ್ಮವರು ಎಡವುವುದು ಬಿಳಿಯರು ಎಡವುವ ಜಾಗದಲ್ಲಲ್ಲ. ಮಕ್ಕಳು ತಿಂಗಳು ತಿಂಗಳು ಹೆತ್ತವರಿಗೆ ದುಡ್ಡು ಕಳಿಸುವುದು ಬಿಳಿಯರಿಗೆ ವಿಚಿತ್ರ. ನಮಗೆ ಅದರಲ್ಲಿ ಹೊಸದೇನಿದೆ? ಈಸಾನಿನಲ್ಲಿ ಕಿರಿಯ ಮಗಳು ಹೆತ್ತವರ ಜೊತೆಗೇ ಉಳಿದು ಮನೆ ಪಡೆಯುವುದು ಹಳೆಯ ರೂಢಿ. ನಿಮ್ಮ ಹೆಂಡತಿ ಕಿರಿಯವಳಾದರೆ ಮನೆ ಅಳಿಯನ ಪಾತ್ರ ನಿಮಗೆ ಕಾದಿದೆ ಅಂತಲೇ ಲೆಕ್ಕ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಹೆತ್ತವರಿಗೆ ಸಿನ್‌ಸೋಟ್ ಕೊಡುತ್ತಾರೆ. ನಮ್ಮಲ್ಲೂ ಕೆಲವು ಸಮುದಾಯಗಳಲ್ಲಿ ತೆರ ಇತ್ತಲ್ಲ, ಹಾಗೆ. ಇದನ್ನೆಲ್ಲ ನಾವು ಬೇಗ ಒಪ್ಪಿಕೊಳ್ಳುತ್ತೇವೆ. ಎಡವಟ್ಟು ಆಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ಮನೆಯವರ ನಡುವೆ ಕಾಗದ ಯಾಕೆ, ಕೇಳಿದರೆ ಬೇಜಾರಾಗುತ್ತಾರೆ ಅಂತ ಸುಮ್ನೆ ಇದ್ದುಬಿಡುತ್ತೇವೆ. ಅತ್ತೆಯ ಹೆಸರಲ್ಲೇ ಇರುವ ಜಾಗದಲ್ಲಿ ಲಕ್ಷಗಟ್ಟಲೆ ಬಾತ್ ಸುರಿದು ಮನೆ ಕಟ್ಟುತ್ತೇವೆ. ಅತ್ತೆ ತೀರಿಕೊಂಡ ಮೇಲೆ ಜಾಗಕ್ಕೆ ಹೆಂಡತಿಯ ಅಣ್ಣ, ಅಕ್ಕ ಎಲ್ಲರೂ ವಾರಸುದಾರರು. ಅವರೇನೂ ಕೆಟ್ಟವರಲ್ಲ, ಅವರ ಪಾಲು ಅವರು ಕೇಳುತ್ತಾರೆ. ಮೋಸದಿಂದ ದುಡ್ಡು ಕಳೆದುಕೊಂಡವರಿಗಿಂತ ಹೀಗೆ ಸಂಕೋಚದಿಂದ ಕಳೆದುಕೊಂಡವರೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಮನೆ ಕಟ್ಟುವುದಿದ್ದರೆ ಜಾಗವನ್ನು ಮೊದಲೇ ಹೆಂಡತಿ ಹೆಸರಿಗೆ ಭಾಗ ಮಾಡಿಸಿಕೊಳ್ಳಿ. ಅದಾಗದಿದ್ದರೆ ಜಾಗದ ಮೇಲೆ ನಿಮ್ಮ ಹಕ್ಕು ನೋಂದಾಯಿಸಿ. ಮೂರು ದಾರಿ ಇವೆ. ಗುತ್ತಿಗೆ ಗರಿಷ್ಠ 30 ವರ್ಷ, ಮೂರು ವರ್ಷಕ್ಕಿಂತ ಜಾಸ್ತಿ ಇದ್ದರೆ ನೋಂದಣಿ ಬೇಕೇ ಬೇಕು. ಸಿತ್ಥಿ ಕೆಪ್ ಕಿನ್ ಅಂದರೆ ಬದುಕಿರುವವರೆಗೆ ಜಾಗದಲ್ಲಿ ಇದ್ದು, ಬೆಳೆದು ತಿನ್ನುವ ಹಕ್ಕು. ನೀವು ಸತ್ತರೆ ಮುಗಿಯಿತು, ಮಕ್ಕಳಿಗೆ ಹೋಗದು. ಮೂರನೆಯದು ಬೇರೆಯವರ ನೆಲದ ಮೇಲೆ ಕಟ್ಟಡ ಹೊಂದುವ ಹಕ್ಕು. ಇದಿದ್ದರೆ ಮನೆ ನಿಮ್ಮದು, ನೆಲ ಅವರದು ಅಂತ ಬೇರೆ ಬೇರೆಯಾಗಿ ನಿಲ್ಲುತ್ತದೆ. ಕಟ್ಟಡದ ಪರವಾನಗಿ ಮತ್ತು ಗುತ್ತಿಗೆದಾರರ ಬಿಲ್ಲುಗಳನ್ನೂ ನಿಮ್ಮ ಹೆಸರಲ್ಲೇ ಮಾಡಿಸಿ. ಮನೆ ಪುಸ್ತಕದಲ್ಲಿ, ಅಂದರೆ ತಬಿಯೆನ್ ಬಾನಿನಲ್ಲಿ, ಹೆಸರಿದ್ದರೆ ಸಾಕು ಅಂತ ಹೇಳುವವರಿದ್ದಾರೆ. ಅದು ವಾಸದ ದಾಖಲೆ, ಒಡೆತನದ್ದಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಗಂಡ ಹೆಂಡತಿ ಮದುವೆಯ ನಂತರ ತಮ್ಮೊಳಗೆ ಮಾಡಿಕೊಂಡ ಒಪ್ಪಂದವನ್ನು ಇಬ್ಬರಲ್ಲಿ ಯಾರಾದರೂ ಯಾವಾಗ ಬೇಕಾದರೂ, ಮದುವೆ ಮುರಿದು ಒಂದು ವರ್ಷದೊಳಗೂ, ರದ್ದು ಮಾಡಬಹುದು. ಸಿವಿಲ್ ಸಂಹಿತೆಯ 1469ನೇ ಕಲಂ. ಹೆಂಡತಿ ನಿಮಗೆ ಕೊಟ್ಟ ಹಕ್ಕಿಗೂ ಇದು ಅನ್ವಯಿಸಬಹುದು. ಅದೇ ಹಕ್ಕನ್ನು ಅತ್ತೆ ತಮ್ಮ ಜಾಗದ ಮೇಲೆ ನೋಂದಾಯಿಸಿ ಕೊಟ್ಟರೆ ಈ ಕಲಂ ಬರುವುದಿಲ್ಲ. ಆಮೇಲೆ ಜಾಗ ಮಗಳ ಹೆಸರಿಗೆ ಬಂದರೂ ಹಕ್ಕು ಚನೋಟಿನ ಬೆನ್ನ ಮೇಲೆ ಹಾಗೇ ಇರುತ್ತದೆ. ವಕೀಲರ ಹತ್ತಿರ ಹೋದಾಗ ಈ ಅನುಕ್ರಮದ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ.

ಗದ್ದೆಯಲ್ಲಿ ಮನೆ ಕಟ್ಟುವವರು ಮಣ್ಣು ತುಂಬಿಸುವ ಖರ್ಚನ್ನು ಮರೆಯುತ್ತಾರೆ. ರಸ್ತೆ ಮಟ್ಟಕ್ಕಿಂತ ಮೇಲೆ ಬರಬೇಕು, ತುಂಬಿಸಿದ ಮೇಲೆ ಒಂದು ಮಳೆಗಾಲ ಕೂರಲು ಬಿಡಬೇಕು. ಜಾಗಕ್ಕೆ ದಾರಿ ದಾಖಲೆಯಲ್ಲಿದೆಯಾ, ಪಕ್ಕದ ಚಿಕ್ಕಪ್ಪನ ಗದ್ದೆ ಬದುವಿನ ಮೇಲೇ ಹೋಗಬೇಕಾ, ಅದನ್ನೂ ನೋಡಿ. ನೋಂದಣಿ ದಿನ ವರ್ಗಾವಣೆ ಶುಲ್ಕ ಸರ್ಕಾರಿ ಬೆಲೆಯ ಮೇಲೆ ನೂರಕ್ಕೆ 2. ಮಾರುವವರು ಐದು ವರ್ಷದೊಳಗೆ ಮಾರುತ್ತಿದ್ದರೆ ನೂರಕ್ಕೆ 3.3ರ ವ್ಯಾಪಾರ ತೆರಿಗೆ ಬರಬಹುದು. ಯಾರು ಏನು ಕಟ್ಟಬೇಕು ಅಂತ ಮುಂಗಡ ಕೊಡುವಾಗಲೇ ಬರೆಸಿ.

ಊರಿನಿಂದ ಅಪ್ಪ ಅಮ್ಮ ದುಡ್ಡು ಕಳಿಸುವುದಾದರೆ, ಭಾರತದಲ್ಲಿರುವ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕಿನವರು ನೂರಕ್ಕೆ 20 ಟಿಸಿಎಸ್, ಅಂದರೆ ಕಳಿಸುವಾಗಲೇ ಕಟ್ಟಿಸಿಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ಅದನ್ನು ಅವರ ಆದಾಯ ತೆರಿಗೆ ಲೆಕ್ಕದಲ್ಲಿ ವಾಪಸ್ ಪಡೆಯಬಹುದು, ಆದರೆ ಅಷ್ಟು ದಿನ ದುಡ್ಡು ಕೈಗೆ ಸಿಗುವುದಿಲ್ಲ.

ಮದುವೆ ಅಂಫೋ ಕಚೇರಿಯಲ್ಲಿ, ಅಂದರೆ ನಮ್ಮ ತಾಲ್ಲೂಕು ಕಚೇರಿಯಂಥದ್ದರಲ್ಲಿ, ನೋಂದಣಿಯಾಗಿದೆಯಾ ಅಂತಲೂ ನೋಡಿಕೊಳ್ಳಿ. ಭಿಕ್ಷುಗಳು ಬಂದು, ಕೈಗೆ ದಾರ ಕಟ್ಟಿ, ಊರೆಲ್ಲ ಉಂಡರೂ ಕಾನೂನಿಗೆ ಅದು ಮದುವೆಯಲ್ಲ. ಹೆಂಡತಿಗೆ ಏನಾದರೂ ಆದರೆ ನೀವು ವಾರಸುದಾರರೂ ಅಲ್ಲ. ನೋಂದಣಿ ಆಗಿದ್ದರೆ ಪಾಲು ಬರುತ್ತದೆ. ಆದರೆ ಜಮೀನು ಇಟ್ಟುಕೊಳ್ಳಲು ವಿದೇಶಿಗೆ ಅನುಮತಿ ಸಿಗದಿದ್ದಾಗ ಮಾರಲು ಗಡುವು ಕೊಡುತ್ತಾರೆ, 180 ದಿನಕ್ಕಿಂತ ಕಡಿಮೆ ಇಲ್ಲ, ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲ. ಅಂಥ ಆತುರದಲ್ಲಿ ಹಳ್ಳಿ ಜಮೀನಿಗೆ ಒಳ್ಳೆ ಬೆಲೆ ಬರುವುದಿಲ್ಲ. ಥಾಯ್ ಪೌರತ್ವದ ಮಕ್ಕಳಿದ್ದರೆ ಜಮೀನು ಅವರಿಗೆ ಅಂತ ಹೆಂಡತಿಯಿಂದ ಥಾಯ್ ಭಾಷೆಯಲ್ಲೇ ಉಯಿಲು ಬರೆಸಿಡಿ. ಅಂಫೋ ಕಚೇರಿಯಲ್ಲೇ ಮಾಡಿಕೊಡುತ್ತಾರೆ.